ಅರ್ಥವಾಗದ ಹಾಡಿನ ಅರ್ಥ

ಪಾಶ್ಚಾತ್ಯ ಪಾಪ್ ಸಂಗೀತದ ಮೇಲೆ ನಮ್ಮ ಮನೆಗಳ ಹಿರಿಯರು ಹೊರಿಸುವ ದೂರುಗಳಲ್ಲಿ ಎರಡು ಮುಖ್ಯವಾದವು. ಒಂದು, ಅದು ಬರೀ ಗದ್ದಲ ಎಂಬುದು. ಇನ್ನೊಂದು, ಅದರ ಮಾತು ತಿಳಿಯುವುದಿಲ್ಲ ಎಂಬುದು. ಮೊದಲನೆಯ ದೂರಿಗೆ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದರೆ ಪರಿಹಾರವಾಯಿತು. ಎರಡನೆಯದು ಅಷ್ಟು ಸುಲಭವಾಗಿ ತೀರುವಂಥದಲ್ಲ. ಮಾತು ತಿಳಿಯದ ಹಾಡನ್ನು ಮನುಷ್ಯ ಏತಕ್ಕಾಗಿ ಕೇಳಬೇಕು? ಕೇಳಿದರೆ ಅವನಿಗೆ ದಕ್ಕುವುದಾದರೂ ಏನು? ಹೊರನಾಡಿನಲ್ಲಿ ಸಂಸಾರ ಹೂಡಿಕೊಂಡು, ದಿನಕ್ಕೆ ಮೂರು ನಾಲ್ಕು ಭಾಷೆಗಳ ನಡುವೆ ಓಡಾಡುವ ನಮ್ಮಂಥವರಿಗೆ ಈ ಪ್ರಶ್ನೆ ಕೇವಲ ಸಂಗೀತಕ್ಕೆ ಸಂಬಂಧಿಸಿದ್ದಲ್ಲ.

ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಸ್ಕಾಟ್ಲೆಂಡಿನ ‘ಕಾಕ್ಟೊ ಟ್ವಿನ್ಸ್’ ತಂಡಕ್ಕಿಂತ ತಕ್ಕ ಉದಾಹರಣೆ ನಮಗೆ ಕಾಣದು. ಏಕೆಂದರೆ ಇಂಗ್ಲಿಷ್ ತಾಯಿನುಡಿಯಾಗಿರುವವರಿಗೂ ಇವರ ಹಾಡುಗಳ ಮಾತು ತಿಳಿಯುವುದಿಲ್ಲ! 1979ರಲ್ಲಿ ಹುಟ್ಟಿ 1997ರಲ್ಲಿ ಮುಗಿದುಹೋದ ಈ ತಂಡ 8 ಆಲ್ಬಮ್‌ಗಳನ್ನು ಬಿಟ್ಟುಹೋಗಿದೆ. ಇವನ್ನು ‘ಡ್ರೀಮ್ ಪಾಪ್’ ಎಂಬ ವರ್ಗಕ್ಕೆ ಸೇರಿಸುವುದು ರೂಢಿ. ಎ. ಆರ್. ಕೇನ್ ಎಂಬ ಲಂಡನ್ನಿನ ಜೋಡಿ ತಮ್ಮ ಸಂಗೀತವನ್ನು ಬಣ್ಣಿಸಲು 1980ರ ದಶಕದ ಕೊನೆಯಲ್ಲಿ ಬಳಸಿದ ಹೆಸರು ಅದು. ಕನಸಿನಂತೆ ತೇಲುವ, ಅಂಚುಗಳಿಲ್ಲದ ನಾದ ಎಂದು ಅದನ್ನು ಸ್ಥೂಲವಾಗಿ ವಿವರಿಸಬಹುದು. ಆ ಹೆಸರು ಚಲಾವಣೆಗೆ ಬರುವ ಮೊದಲೇ ಕಾಕ್ಟೊ ಟ್ವಿನ್ಸ್ ಅದರ ವ್ಯಾಕರಣವನ್ನು ಬರೆದು ಮುಗಿಸಿದ್ದರು.

ಈ ತಂಡದ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದು ಹೀಗೆ: ನಡುಗಾಲದ ಆಲ್ಬಮ್‌ಗಳು ಶಿಖರ, ಮಾತು ತಿಳಿಯತೊಡಗಿದ ಮೇಲಿನವು ಇಳಿಜಾರು. ಎಂಟೂ ಆಲ್ಬಮ್‌ಗಳನ್ನು ಹುಟ್ಟಿದ ಕ್ರಮದಲ್ಲೇ, ಮೊದಲಿನಿಂದ ಕೊನೆಯವರೆಗೆ ಕೇಳಿದ ನಮಗೆ ಇದು ಪೂರ್ತಿ ಒಪ್ಪತಕ್ಕ ಮಾತಾಗಿ ತೋರುವುದಿಲ್ಲ. ಅವರ ನಾದ ಬದಲಾದ ಬಗೆಯಲ್ಲಿಯೇ ಒಂದು ಕಥೆಯಿದೆ. ಅದು ಒಂದು ದನಿ ನಾದದ ಮರೆಯಿಂದ ನಿಧಾನವಾಗಿ ಮಾತಿನ ಕಡೆಗೆ ನಡೆದು ಬಂದ ಕಥೆ.

ಗ್ರೇಂಜ್‌ಮತ್ ಸ್ಕಾಟ್ಲೆಂಡಿನ ಫೋರ್ತ್ ನದಿಯ ಅಳಿವೆಯ ದಡದಲ್ಲಿರುವ ಒಂದು ಕೈಗಾರಿಕಾ ಪಟ್ಟಣ. 1924ರಿಂದ 2025ರವರೆಗೆ ಅಲ್ಲಿ ಕಚ್ಚಾ ತೈಲದ ಶುದ್ಧೀಕರಣ ನಡೆಯುತ್ತಿತ್ತು. ಚಿಮಣಿಗಳ ಬೆಂಕಿ ರಾತ್ರಿಯ ಆಕಾಶವನ್ನು ಕೆಂಪಾಗಿಸುವ ಊರು. ಚೆಂಬೂರು, ಮಾಹುಲಗಳ ಕಡೆ ವಾಸವಿದ್ದ ನಮ್ಮವರಿಗೆ ಈ ನೋಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಊರಿನ ಇಬ್ಬರು ಹುಡುಗರು, ಗಿಟಾರ್ ನುಡಿಸುವ ರಾಬಿನ್ ಗಥ್ರಿ ಹಾಗೂ ಬೇಸ್ ಗಿಟಾರಿನ ವಿಲ್ ಹೆಗ್ಗಿ, ಕೂಡಿ ತಂಡ ಕಟ್ಟಿದರು. ಅದೇ ಊರಿನ ಎಲಿಜಬೆತ್ ಫ್ರೇಜರ್ ಎಂಬ ಹುಡುಗಿ ಹಾಡಲು ಸೇರಿಕೊಂಡಳು. 1982ರಲ್ಲಿ ಲಂಡನ್ನಿನ ‘4ಎಡಿ’ ಎಂಬ ಸಣ್ಣ ಸಂಸ್ಥೆ ಅವರ ಮೊದಲ ಆಲ್ಬಮ್ ‘ಗಾರ್ಲೆಂಡ್ಸ್’ ಅನ್ನು ಹೊರತಂದಿತು. ಫ್ರೇಜರ್‌ಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

‘ಗಾರ್ಲೆಂಡ್ಸ್’ ಕೇಳಿದರೆ ಮುಂದಿನ ಸೌಂದರ್ಯದ ಸುಳಿವು ಅಷ್ಟಾಗಿ ಸಿಗದು. ಹೆಗ್ಗಿಯ ಬೇಸ್ ಮುಂದೆ ನಿಂತು ಒಂದೇ ಸಮನೆ ಗುದ್ದುತ್ತದೆ. ತಾಳಕ್ಕೆ ಮನುಷ್ಯನಿಲ್ಲ, ಯಂತ್ರವಿದೆ. ಗಿಟಾರು ಕೊರೆಯುವ ಚಳಿಗಾಳಿಯಂತೆ ಸುಳಿಯುತ್ತದೆ. ಹಾಡುವ ಹುಡುಗಿಯ ದನಿ ನಡುಗುತ್ತದೆ. ಪದಗಳನ್ನು ಹೇಳುತ್ತಿದ್ದಾಳೆ ಎನ್ನುವುದಕ್ಕಿಂತ ಅವುಗಳಿಂದ ತಪ್ಪಿಸಿಕೊಳ್ಳುತ್ತಿದ್ದಾಳೆ ಎನ್ನಬೇಕು. ಆ ಕಾಲದ ಬ್ರಿಟನ್ನಿನ ಅನೇಕ ಕತ್ತಲ ಬಣ್ಣದ ತಂಡಗಳ ಸಾಲಿನಲ್ಲಿ ಇದನ್ನೂ ಇಟ್ಟು ಮರೆಯಬಹುದಿತ್ತು.

ಬದಲಾವಣೆ ಬಂದದ್ದು ಒಂದು ಕೊರತೆಯಿಂದ. 1983ರಲ್ಲಿ ಹೆಗ್ಗಿ ತಂಡ ಬಿಟ್ಟರು. ಉಳಿದ ಇಬ್ಬರೇ ‘ಹೆಡ್ ಓವರ್ ಹೀಲ್ಸ್’ ಮಾಡಿದರು. ಖಾಲಿಯಾದ ಜಾಗವನ್ನು ಗಥ್ರಿ ಇನ್ನೊಬ್ಬ ವಾದಕನಿಂದ ತುಂಬಲಿಲ್ಲ, ಪ್ರತಿಧ್ವನಿಯಿಂದ ತುಂಬಿದರು. ಇಲ್ಲಿಂದಲೇ ಈ ತಂಡದ ನಿಜವಾದ ನಾದ ಆರಂಭವಾಗುತ್ತದೆ. ಆ ನಾದ ಹೇಗೆ ಉಂಟಾಗುತ್ತದೆ ಎಂಬುದನ್ನು ಸ್ವಲ್ಪ ನೋಡುವುದು ಒಳ್ಳೆಯದು.

ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರದ ಬಹುಪಾಲು ಕಚೇರಿಯ ಕಡತಗಳ ಕೆಳಗೆ ಹೂತುಹೋಗಿದ್ದರೂ ಪ್ರತಿಧ್ವನಿಯ ಪಾಠ ಮಾತ್ರ ನಮಗೆ ನೆನಪಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಗೋಡೆ 17 ಮೀಟರ್ ದೂರದಲ್ಲಿದ್ದರೆ ನಾವು ಕೂಗಿದ್ದು ಹೋಗಿ ಬರಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಅಷ್ಟು ಅಂತರವಿದ್ದರೆ ಮರಳಿ ಬಂದ ಸದ್ದನ್ನು ಕಿವಿ ಬೇರೆಯಾಗಿ ಗುರುತಿಸುತ್ತದೆ. ಅದಕ್ಕಿಂತ ಹತ್ತಿರದ ಗೋಡೆಗಳಿಂದ ಮರಳುವ ನೂರಾರು ಸದ್ದುಗಳು ಮೂಲದೊಡನೆ ಬೆರೆತು ಒಂದು ಮುಂದುವರಿಕೆಯಂತೆ ಕೇಳಿಸುತ್ತವೆ. ಇದು ಅನುರಣನ. ವಿಜಾಪುರದ ಗೋಳಗುಮ್ಮಟದೊಳಗೆ ನಿಂತು ಚಪ್ಪಾಳೆ ತಟ್ಟಿದವರಿಗೆ ಎರಡರ ಅನುಭವವೂ ಇದೆ.

ಗೋಳಗುಮ್ಮಟವನ್ನು ಕಟ್ಟಿಸಲು ಬಾದಶಹನೇ ಬೇಕಾಯಿತು. ವಿದ್ಯುತ್ ಯಂತ್ರಗಳಿಗೆ ಅಂಥ ಕಟ್ಟಡ ಬೇಕಿಲ್ಲ. ಗಿಟಾರಿನಿಂದ ಹೊರಟ ಸಂಕೇತವನ್ನು ಹಿಡಿದಿಟ್ಟುಕೊಂಡು, ಸ್ವಲ್ಪ ತಡಮಾಡಿ, ಮತ್ತೆ ಮತ್ತೆ ಹೊರಬಿಟ್ಟರೆ ಪ್ರತಿಧ್ವನಿಯಾಯಿತು. ಕೆಲವೇ ಮಿಲಿಸೆಕೆಂಡುಗಳ ತಡದ ಒಂದು ನಕಲನ್ನು ತುಸು ಹಿಂದೆ ಮುಂದೆ ಅಲುಗಿಸುತ್ತ ಮೂಲಕ್ಕೆ ಬೆರೆಸಿದರೆ, ಕೂದಲೆಳೆಯಷ್ಟು ಶ್ರುತಿವ್ಯತ್ಯಾಸವಿರುವ ಎರಡು ವೀಣೆಗಳು ಒಟ್ಟಿಗೆ ನುಡಿದಂತೆ ನಾದ ತುಂಬಿ ತುಳುಕುತ್ತದೆ. ಗಥ್ರಿ ಇಂಥ ಯಂತ್ರಗಳನ್ನು ಒಂದರ ಹಿಂದೊಂದು ಸರಪಣಿಯಾಗಿ ಜೋಡಿಸಿದರು. ಇದರ ಪರಿಣಾಮ ಗಮನಿಸತಕ್ಕದ್ದು. ತಂತಿಯನ್ನು ಮೀಟಿದ ಕ್ಷಣದ ‘ಟಣ್’ ಎಂಬ ಏಟೇ ಇದು ಗಿಟಾರು ಎಂದು ಕಿವಿಗೆ ಹೇಳುವ ಗುರುತು. ಆ ಏಟು ಅಲೆಗಳಲ್ಲಿ ಕರಗಿಹೋದರೆ ಸ್ವರ ಎಲ್ಲಿ ಹುಟ್ಟಿತು, ಎಲ್ಲಿ ಮುಗಿಯಿತು ಎಂಬುದೇ ತಿಳಿಯದಾಗುತ್ತದೆ. ವಾದ್ಯವಿದ್ದ ಕಡೆ ವಾತಾವರಣವೊಂದು ಉಳಿಯುತ್ತದೆ. ತಂಬೂರಿಯ ಮುಂದೆ ಕುಳಿತವರಿಗೆ ಇದು ತೀರ ಅಪರಿಚಿತವೇನಲ್ಲ. ಅಲ್ಲಿಯೂ ನಾವು ಕೇಳುವುದು ಬೆರಳಿನ ಏಟನ್ನಲ್ಲ, ಅದು ಎಬ್ಬಿಸಿದ ಗುಂಯ್‌ಗುಡುವಿಕೆಯನ್ನು.

1983ರ ಕೊನೆಯ ಹೊತ್ತಿಗೆ ಸೈಮನ್ ರೇಮಂಡ್ ಎಂಬ ಲಂಡನ್ನಿನ ತರುಣ ಬೇಸ್ ಗಿಟಾರಿಗೆ ಸೇರಿದರು. ಅವರ ತಂದೆ ಐವರ್ ರೇಮಂಡ್ ಹೆಸರಾಂತ ವಾದ್ಯಸಂಯೋಜಕರು. 1984ರಲ್ಲಿ ಮೂವರೂ ಕೂಡಿ ಮಾಡಿದ ‘ಟ್ರೆಷರ್’ ಇಂದಿಗೂ ಅಭಿಮಾನಿಗಳ ಕಣ್ಮಣಿ. ಹತ್ತು ಹಾಡುಗಳು, ಹತ್ತಕ್ಕೂ ಒಂದೊಂದೇ ಪದದ ಶೀರ್ಷಿಕೆ: ‘ಐವೊ’, ‘ಲೋರಲೈ’, ‘ಪಂಡೋರಾ’, ‘ಸಿಸಿಲಿ’... ಬಹುಪಾಲು ವ್ಯಕ್ತಿನಾಮಗಳೇ. ಹೆಸರಿದೆ, ಆದರೆ ಆ ಹೆಸರಿನವಳಿಗೆ ಏನಾಯಿತು ಎಂದು ಹಾಡು ಹೇಳುವುದಿಲ್ಲ. ಫ್ರೇಜರ್ ಒಂದೇ ಹಾಡಿನಲ್ಲಿ ಎರಡು ಮೂರು ದನಿಗಳನ್ನು ಒಂದರ ಮೇಲೊಂದು ಹೊದಿಸುತ್ತಾಳೆ. ಅರ್ಥ ತಿಳಿಯದ ಭಾಷೆಗಳ ಪುಸ್ತಕ, ನಿಘಂಟುಗಳಿಂದಲೂ ಅವಳು ಪದಗಳನ್ನು ಆಯ್ದುಕೊಳ್ಳುತ್ತಿದ್ದಳು. ನಾಲಿಗೆಗೆ ಹಿತವಾದದ್ದು ಹಾಡಿಗೆ ಬಂತು. ‘ಲೋರಲೈ’ಯಲ್ಲಿ ದನಿ ಮೇಲಕ್ಕೆ ನೆಗೆಯುವ ರೀತಿ ನಿಜಕ್ಕೂ ರೋಮಾಂಚನ ತರುವಂಥದು. ಆದರೂ ಒಟ್ಟು ಆಲ್ಬಮ್ ನಮಗೆ ತುಸು ಅತಿಯಾಗಿ ಸಿಂಗರಿಸಿದ ಮಂಟಪದಂತೆ ಕಾಣುತ್ತದೆ. ತಾಳಯಂತ್ರದ ಏಟುಗಳು ಅನವಶ್ಯಕವಾಗಿ ಭಾರ. ತಂಡದವರೇ ಈ ಆಲ್ಬಮನ್ನು ಅಷ್ಟಾಗಿ ಮೆಚ್ಚಿಕೊಂಡವರಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ: ಈಕೆಗೆ ಸ್ಪಷ್ಟವಾಗಿ ಹಾಡಲು ಬರುತ್ತಿರಲಿಲ್ಲವೋ ಏನೋ! ಇದಕ್ಕೆ ಉತ್ತರ 1983ರಲ್ಲಿಯೇ ಸಿಕ್ಕಿದೆ. 4ಎಡಿ ಸಂಸ್ಥೆಯ ಐವೊ ವಾಟ್ಸ್-ರಸೆಲ್ ‘ದಿಸ್ ಮಾರ್ಟಲ್ ಕಾಯಿಲ್’ ಎಂಬ ತಮ್ಮ ಯೋಜನೆಗಾಗಿ, ಅಮೆರಿಕದ ಗಾಯಕ ಟಿಮ್ ಬಕ್ಲಿಯ ‘ಸಾಂಗ್ ಟು ದ ಸೈರನ್’ ಎಂಬ ಹಾಡನ್ನು ಫ್ರೇಜರ್ ಮತ್ತು ಗಥ್ರಿಯವರಿಂದ ಮಾಡಿಸಿದರು. ಹಿನ್ನೆಲೆಯಲ್ಲಿ ಗಿಟಾರಿನ ತೆಳುವಾದ ಅಲೆಯಷ್ಟೆ. ಅದರ ಮೇಲೆ ಪ್ರತಿಯೊಂದು ಪದವೂ ನೀರಿನಡಿಯ ಬೆಣಚುಕಲ್ಲಿನಂತೆ ಕಾಣಿಸುತ್ತದೆ. ಎಂದರೆ, ಇನ್ನೊಬ್ಬರ ಮಾತಾದರೆ ಈಕೆ ಬಿಡಿಬಿಡಿಯಾಗಿ ಹಾಡಬಲ್ಲಳು. ತನ್ನದೇ ಮಾತಾದಾಗ ಮಾತ್ರ ಪರದೆ ಎಳೆದುಕೊಳ್ಳುತ್ತಾಳೆ. ಇದು ಅಸಾಮರ್ಥ್ಯವಲ್ಲ, ಸಂಕೋಚ ಎಂಬುದು ನಮ್ಮ ಊಹೆ. ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು, ಆದರೆ ಯಾರಿಗೂ ತಿಳಿಯಬಾರದು ಎಂಬ ಇಕ್ಕಟ್ಟಿನಿಂದ ಹುಟ್ಟಿದ ಗಾಯನವಿದು.

ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವುದು ನಮಗೇನೂ ಹೊಸತಲ್ಲ. ಖಯಾಲ್ ಗಾಯಕ ಬರೀ ‘ಆ’ಕಾರವನ್ನು ಹಿಡಿದು ಗಳಿಗೆಗಟ್ಟಲೆ ರಾಗವನ್ನು ಬೆಳೆಸುತ್ತಾನೆ. ಹಿಂದೂಸ್ತಾನಿಯಲ್ಲಿ ತರಾನಾ ಇದೆ, ಕರ್ನಾಟಕ ಪದ್ಧತಿಯಲ್ಲಿ ತಿಲ್ಲಾನವಿದೆ. ಗದಗದ ಕಡೆಯಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ದಾಸರ ಪದಗಳನ್ನು ಹಾಡಿದಾಗ ಕನ್ನಡ ತಿಳಿಯದ ಮರಾಠಿ ರಸಿಕರೂ ತಲೆದೂಗಿದರು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನಮ್ಮ ಗಾಯಕನ ಬೆನ್ನಿಗೆ ರಾಗದ ಕಟ್ಟಿದೆ, ತಾಳದ ಲೆಕ್ಕವಿದೆ, ಕೇಳುವವರಿಗೂ ಅದರ ತಿಳಿವಳಿಕೆಯಿದೆ. ಫ್ರೇಜರ್‌ಗೆ ಅಂಥ ಪರಂಪರೆಯ ಆಸರೆಯಿಲ್ಲ. ಪ್ರತಿ ಹಾಡಿನಲ್ಲಿಯೂ ಅವಳು ಒಂದು ಭಾಷೆಯನ್ನು ಹುಟ್ಟಿಸಿ ಅಲ್ಲಿಯೇ ಬಿಟ್ಟುಬರಬೇಕು. ಆದ್ದರಿಂದಲೇ ಅವಳ ಗಾಯನದಲ್ಲಿ ಸ್ವಾತಂತ್ರ್ಯವೂ ಇದೆ, ಒಂಟಿತನವೂ ಇದೆ.

ಈ ಒಂಟಿತನ ಅತ್ಯಂತ ನಿರ್ಮಲವಾಗಿ ಮೂಡಿರುವುದು 1986ರ ‘ವಿಕ್ಟೋರಿಯಾಲ್ಯಾಂಡ್’ನಲ್ಲಿ. ಅಂಟಾರ್ಕ್ಟಿಕದ ಒಂದು ಹಿಮಪ್ರದೇಶದ ಹೆಸರದು. ರೇಮಂಡ್ ಬೇರೊಂದು ಧ್ವನಿಮುದ್ರಣದಲ್ಲಿ ತೊಡಗಿದ್ದರಿಂದ ಇದರಲ್ಲಿ ಬೇಸ್ ಇಲ್ಲ. ಡ್ರಮ್ಮಿನ ಸದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಮೆ. ‘ಡಿಫ್ ಜಸ್’ ತಂಡದ ರಿಚರ್ಡ್ ಥಾಮಸ್ ಸ್ಯಾಕ್ಸೊಫೋನ್ ಜೊತೆಗೆ ತಬಲಾ ನುಡಿಸಿದ್ದಾರೆ ಎಂದರೆ ನಮ್ಮ ಓದುಗರಿಗೆ ಕುತೂಹಲವಾದೀತು. ಸುಮಾರು 32 ನಿಮಿಷಗಳ ಈ ಆಲ್ಬಮ್ಮಿನ ಗ್ರಾಮಫೋನ್ ತಟ್ಟೆಯನ್ನು ನಿಮಿಷಕ್ಕೆ ಮೂವತ್ತಮೂರು ಸುತ್ತಿನ ಬದಲು 45 ಸುತ್ತಿನ ವೇಗಕ್ಕೆ ಕೊರೆಯಲಾಗಿತ್ತು. ವೇಗ ಹೆಚ್ಚಿದಷ್ಟೂ ಅದೇ ನಾದವನ್ನು ಬರೆಯಲು ಹೆಚ್ಚು ಉದ್ದದ ಗೆರೆ ಸಿಗುತ್ತದೆ. ಸೂಕ್ಷ್ಮ ಸ್ವರಗಳು ಹೆಚ್ಚು ಸ್ಪಷ್ಟವಾಗುತ್ತವೆ. ತಾಳವನ್ನು ತೆಗೆದಾಗ ಕಾಲ ನಿಂತುಬಿಡುತ್ತದೆ ಎಂಬುದನ್ನು ಇಲ್ಲಿನ ‘ಲೇಜಿ ಕಾಮ್’ ಕೇಳಿ ತಿಳಿಯಬಹುದು. ಅದೇ ವರ್ಷ ಅಮೆರಿಕದ ಪಿಯಾನೊ ವಾದಕ ಹೆರಾಲ್ಡ್ ಬಡ್ ಅವರೊಡನೆ ‘ದ ಮೂನ್ ಅಂಡ್ ದ ಮೆಲಡೀಸ್’ ಕೂಡ ಬಂತು. ಇಲ್ಲಿಗೆ ಮಂಜಿನ ಹಾದಿ ತುದಿ ಮುಟ್ಟಿತೆನ್ನಬೇಕು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದು ಸುಂದರವಾದ ನಿದ್ರೆಯಾಗಿಬಿಡುತ್ತಿತ್ತು.

ಹಾಗಾಗಲಿಲ್ಲ. 1988ರ ‘ಬ್ಲೂ ಬೆಲ್ ನಾಲ್’ನಲ್ಲಿ ಬಿಸಿಲು ಬಿತ್ತು. ‘ಕ್ಯಾರೊಲಿನ್ಸ್ ಫಿಂಗರ್ಸ್’ ಹಾಡಿನಲ್ಲಿ ದನಿ ಹಕ್ಕಿಯಂತೆ ಹಾರುತ್ತದೆ, ಮಾತು ಮಾತ್ರ ಇನ್ನೂ ಮರೆಯಲ್ಲೇ. 1989ರಲ್ಲಿ ಫ್ರೇಜರ್ ಮತ್ತು ಗಥ್ರಿ ದಂಪತಿಗಳಂತೆ ಬಾಳುತ್ತಿದ್ದ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. 1990ರಲ್ಲಿ ರೇಮಂಡರ ತಂದೆ ತೀರಿಕೊಂಡರು. ಗಥ್ರಿ ಮಾದಕ ವಸ್ತುವಿನ ಹಿಡಿತದಲ್ಲಿದ್ದ ಕಾಲವೂ ಅದೇ ಎಂಬುದನ್ನು ಆಮೇಲೆ ತಂಡದವರೇ ಹೇಳಿಕೊಂಡಿದ್ದಾರೆ. ಜನನ, ಮರಣ, ವ್ಯಸನ ಮೂರೂ ಒಂದೇ ಸೂರಿನಡಿ ಇದ್ದಾಗ ಸಿದ್ಧವಾದದ್ದು ‘ಹೆವನ್ ಆರ್ ಲಾಸ್ ವೇಗಸ್’. 1990ರ ಸೆಪ್ಟೆಂಬರಿನಲ್ಲಿ ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿತು.

ನಮ್ಮ ಅಭಿಪ್ರಾಯದಲ್ಲಿ ಇದೇ ಈ ತಂಡದ ಶ್ರೇಷ್ಠ ಕೃತಿ. ಗಿಟಾರಿನ ಮಂಜು ಹೋಗಿಲ್ಲ, ಆದರೆ ತೆಳುವಾಗಿದೆ. ಬೇಸ್ ಮತ್ತೆ ನೆಲ ಮುಟ್ಟಿ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತುಗಳು ಅಲ್ಲೊಂದು ಇಲ್ಲೊಂದು ತಲೆಯೆತ್ತಿ ನೋಡುತ್ತವೆ. ‘ಪಿಚ್ ದ ಬೇಬಿ’ ಮಗುವಿನ ಹುಟ್ಟಿನ ಹಾಡು. ಪೂರ್ತಿ ತಿಳಿಯದಿದ್ದರೂ ಅಲ್ಲಿ ಸಂತೋಷವಿದೆ, ಬೆರಗಿದೆ, ಸ್ವಲ್ಪ ಹೆದರಿಕೆಯೂ ಇದೆ ಎಂದು ಯಾರಿಗಾದರೂ ತಿಳಿದೀತು. ಒಂದು ದನಿ ಪದವನ್ನು ಹೇಳಿದರೆ, ಅದರ ಬೆನ್ನಿಗೇ ಇನ್ನೊಂದು ದನಿ ಆ ಪದವನ್ನು ನಾದವಾಗಿ ಕರಗಿಸುತ್ತದೆ. ಹೇಳಬೇಕೆಂಬ ಆಸೆ, ಮುಚ್ಚಿಡಬೇಕೆಂಬ ಅಂಜಿಕೆ ಇವೆರಡೂ ಸಮತೂಕದಲ್ಲಿ ನಿಂತ ಗಳಿಗೆ ಅದು. ಕೊನೆಯ ಹಾಡು ಪಿಯಾನೊದಿಂದ ಮೆಲ್ಲಗೆ ಮೊದಲಾಗಿ ಬೆಳೆಯುತ್ತ ಹೋಗುವುದನ್ನು ಕೇಳಿದಾಗ ಇವರನ್ನು ಬರೀ ಕನಸಿನ ವ್ಯಾಪಾರಿಗಳು ಎನ್ನಲು ಬಾಯಿ ಬರುವುದಿಲ್ಲ.

ಇದಾದ ಮೇಲೆ 4ಎಡಿಯೊಡನೆ ಸಂಬಂಧ ಕಡಿಯಿತು. ‘ಫೊಂಟಾನಾ’ ಎಂಬ ದೊಡ್ಡ ಸಂಸ್ಥೆಯ ಮೂಲಕ 1993ರಲ್ಲಿ ‘ಫೋರ್-ಕ್ಯಾಲೆಂಡರ್ ಕೆಫೆ’ ಬಂತು. ಹೆಸರಿನ ಮೂಲ ಸ್ವಾರಸ್ಯವಾಗಿದೆ. ವಿಲಿಯಂ ಲೀಸ್ಟ್ ಹೀಟ್-ಮೂನ್ ಎಂಬ ಅಮೆರಿಕದ ಲೇಖಕರು ತಮ್ಮ ಪ್ರವಾಸಕಥನ ‘ಬ್ಲೂ ಹೈವೇಸ್’ನಲ್ಲಿ, ಗೋಡೆಯ ಮೇಲೆ ಎಷ್ಟು ಕ್ಯಾಲೆಂಡರುಗಳು ತೂಗುತ್ತಿವೆ ಎಂಬುದರ ಮೇಲೆ ಆ ಹೋಟೆಲಿನ ಊಟದ ಗುಣವನ್ನು ಅಳೆಯುತ್ತಾರೆ. ನಮ್ಮ ಕಡೆಯ ಖಾನಾವಳಿಗಳಿಗೂ ಈ ಅಳತೆಗೋಲು ಒಗ್ಗೀತು! ಇರಲಿ. ಈ ಹೊತ್ತಿಗೆ ಗಥ್ರಿ ವ್ಯಸನದಿಂದ ಹೊರಬರುವ ಚಿಕಿತ್ಸೆ ಪಡೆದಿದ್ದರು. ಅವರ ಮತ್ತು ಫ್ರೇಜರಳ ಸಂಬಂಧ ಮುರಿದಿತ್ತು. ಈಗ ಮಾತು ತಿಳಿಯುತ್ತದೆ. ನೋವು, ಬಿಡುಗಡೆ, ತನ್ನನ್ನು ತಾನು ಕಾಯ್ದುಕೊಳ್ಳುವುದು ಇವೆಲ್ಲ ನೇರವಾಗಿ ಬರುತ್ತವೆ. ನಾದ ಮೊದಲಿನಷ್ಟು ಶ್ರೀಮಂತವಲ್ಲ, ಕೆಲವು ಹಾಡುಗಳು ಸಪ್ಪೆ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಇದನ್ನು ಇಳಿಜಾರು ಎಂದು ತಳ್ಳಿಹಾಕುವವರು, ಒಬ್ಬಾಕೆ ಹತ್ತು ವರ್ಷ ಹೊದ್ದಿದ್ದ ಕಂಬಳಿಯನ್ನು ಚಳಿಯಲ್ಲಿ ತೆಗೆದಿಟ್ಟು ನಿಂತುದನ್ನು ನೋಡದವರು. 1996ರ ‘ಮಿಲ್ಕ್ ಅಂಡ್ ಕಿಸಸ್’ನಲ್ಲಿ ಮಂಜು ಮತ್ತೆ ಕವಿಯಿತು. ಅದು ಹಳೆಯ ಮನೆಗೆ ಒಂದು ದಿನದ ಮಟ್ಟಿಗೆ ಹೋಗಿಬಂದಂತೆ. ಮರುವರ್ಷ ಇನ್ನೊಂದು ಆಲ್ಬಮ್ ಅರ್ಧಕ್ಕೆ ನಿಂತು, ತಂಡ ಒಡೆಯಿತು.

ದೋಷಗಳನ್ನು ಮುಚ್ಚಿಟ್ಟರೆ ವಿಮರ್ಶೆ ಹೊಗಳುಭಟ್ಟರ ಕೆಲಸವಾದೀತು. ಈ ಸಂಗೀತದಲ್ಲಿ ಏಕತಾನತೆಯಿದೆ. ಮೂರು ಆಲ್ಬಮ್‌ಗಳನ್ನು ಒಂದೇ ಸಂಜೆ ಕೇಳಿದವರಿಗೆ ಸಿಹಿ ಮೊಗೆಮೊಗೆದು ತಿಂದ ಅನುಭವವಾಗಬಹುದು. ಹೊರಗಿನ ಲೋಕ, ಅದರ ಹಸಿವು, ಜಗಳ ಇವುಗಳ ಸೋಂಕೇ ಇಲ್ಲ. ತೈಲದ ಹೊಗೆಯ ಊರಿನವರು ಆ ಹೊಗೆಯ ಬಗ್ಗೆ ಒಂದು ಮಾತನ್ನೂ ಆಡದೆ ಹಿಮಪ್ರದೇಶಗಳ ಕನಸು ಕಂಡರಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲಿ. ಆದರೆ ತಪ್ಪಿಸಿಕೊಳ್ಳುವುದೆಲ್ಲವೂ ಪಲಾಯನವಲ್ಲ. ಕೆಲವೊಮ್ಮೆ ಅದು ಹೇಳಲು ಬೇಕಾದ ಧೈರ್ಯ ಕೂಡಿಬರುವವರೆಗೆ ಕಾಯುವ ಜಾಗ.

ಇಷ್ಟು ದೂರದ ತಂಡವೊಂದರ ಬಗ್ಗೆ ನಮ್ಮ ಸಂಘದ ಪತ್ರಿಕೆಯಲ್ಲಿ ಇಷ್ಟು ಪುಟ ಬರೆಯಲು ಒಂದು ಕಾರಣವಿದೆ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಒಂದು ನಾದ. ಊರಿನ ಅಜ್ಜಿ ಫೋನಿನಲ್ಲಿ ಮಾತಾಡುವಾಗ ಅವಳ ದನಿ ಏರಿದರೆ ಕೋಪ, ಎಳೆದರೆ ಮುದ್ದು, ತಡೆದರೆ ಅಳು ಎಂದು ಅವರು ತಿಳಿಯುತ್ತಾರೆ. ಪದಗಳಲ್ಲಿ ಅರ್ಧ ಅವರಿಗೆ ತಿಳಿಯದು. ಉತ್ತರ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಇದನ್ನು ಕಂಡು ನಾವು ಮಕ್ಕಳಿಗೆ ಕನ್ನಡ ಬರುವುದೇ ಇಲ್ಲ ಎಂದು ಕೈಚೆಲ್ಲುತ್ತೇವೆ. ಅದು ಸರಿಯಲ್ಲ. ನಾದ ಬಂದಿದೆ. ಭಾಷೆಯ ಮೊದಲ ಪಾಲು ಅದೇ. ಜೋಗುಳ ಕೇಳುವ ಕೂಸಿಗೆ ಯಾವ ಪದ ತಿಳಿದಿರುತ್ತದೆ?

ಆದರೆ ಅಷ್ಟಕ್ಕೇ ತೃಪ್ತರಾಗಿ ಕೂರುವುದೂ ಸರಿಯಲ್ಲ. ಫ್ರೇಜರಳ ಹಾದಿ ನಮಗೆ ಹೇಳುವುದು ಇದನ್ನೇ. ಬರೀ ನಾದದಲ್ಲಿ ಎಷ್ಟೇ ಸುಖವಿದ್ದರೂ ಅದು ಒಬ್ಬರೇ ಇರುವ ಮನೆ. ಹೇಳಲೇಬೇಕಾದ ಒಬ್ಬರು ಎದುರಿಗೆ ಬಂದಾಗ, ಅದು ಹುಟ್ಟಿದ ಮಗುವಾಗಲಿ, ಬಿಟ್ಟುಹೋಗುತ್ತಿರುವ ಜೊತೆಗಾರನಾಗಲಿ, ದನಿ ಮಾತನ್ನು ಹುಡುಕಿಕೊಂಡು ಹೊರಡುತ್ತದೆ. ಸ್ಪರ್ಧೆ, ಬಹುಮಾನ, ರಾಜ್ಯೋತ್ಸವದ ಭಾಷಣ ಇವುಗಳಿಂದ ನಮ್ಮ ಮಕ್ಕಳಿಗೆ ಕನ್ನಡದ ಮಾತು ಬರುವುದಕ್ಕಿಂತ, ಕನ್ನಡದಲ್ಲಿ ಹೇಳದೆ ತೀರದಂಥ ಒಬ್ಬ ಕೇಳುಗ ಮನೆಯಲ್ಲಿದ್ದರೆ ಬರುವುದು ಹೆಚ್ಚು. ಆ ಕೇಳುಗರು ನಾವೇ ಆಗಬೇಕು. ಅವರ ಹರಕುಮುರುಕು ಮಾತನ್ನು ನಗದೆ ಕೇಳುವ ತಾಳ್ಮೆಯೂ ನಮಗಿರಬೇಕು.

ತಂಡ ಮುಗಿದ ಮೇಲೂ ಮೂವರೂ ಸುಮ್ಮನೆ ಕೂತಿಲ್ಲ. ರೇಮಂಡ್ ‘ಬೆಲ್ಲಾ ಯೂನಿಯನ್’ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಬೆಳೆಸಿದರು. ಗಥ್ರಿ ಮಾತಿಲ್ಲದ ಗಿಟಾರ್ ಸಂಗೀತವನ್ನು ಮಾಡುತ್ತ ಬಂದಿದ್ದಾರೆ. ಫ್ರೇಜರ್ 1998ರಲ್ಲಿ ‘ಮ್ಯಾಸಿವ್ ಅಟ್ಯಾಕ್’ ತಂಡಕ್ಕಾಗಿ ‘ಟಿಯರ್‌ಡ್ರಾಪ್’ ಹಾಡಿದಳು. 2022ರಲ್ಲಿ ‘ಸನ್ಸ್ ಸಿಗ್ನೇಚರ್’ ಎಂಬ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡಳು. ಹಳೆಯ ಆಲ್ಬಮ್‌ಗಳೆಲ್ಲ ಈಗ ಮೊಬೈಲಿನಲ್ಲಿಯೇ ದೊರೆಯುತ್ತವೆ. ಹೊಸದಾಗಿ ಕೇಳುವವರು ‘ಹೆವನ್ ಆರ್ ಲಾಸ್ ವೇಗಸ್’ನಿಂದ ಮೊದಲು ಮಾಡಿ, ಅಲ್ಲಿಂದ ಹಿಂದಕ್ಕೆ ‘ವಿಕ್ಟೋರಿಯಾಲ್ಯಾಂಡ್’ಗೆ ಹೋಗಿ, ಆಮೇಲೆ ‘ಫೋರ್-ಕ್ಯಾಲೆಂಡರ್ ಕೆಫೆ’ಗೆ ಬರುವುದು ಒಳ್ಳೆಯದು. ಲೋಕಲ್ ಗಾಡಿಯ ಗದ್ದಲದಲ್ಲಿ ಬೇಡ. ರಾತ್ರಿ ಊಟದ ಪಾತ್ರೆಗಳ ಸದ್ದು ಅಡಗಿದ ಮೇಲೆ, ಮನೆಯ ಹುಡುಗರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ಏನು ಹೇಳುತ್ತಿದ್ದಾಳೆ ಎಂದು ಅವರು ಕೇಳಿದರೆ, ನಿಮಗೇನು ಕೇಳಿಸಿತು ಎಂದು ನಾವೂ ಕೇಳಬಹುದು. ಆ ಮಾತುಕತೆ ಕನ್ನಡದಲ್ಲಿ ನಡೆದರೆ ಇನ್ನೂ ಒಳ್ಳೆಯದು.